ಭಂಡಾರ ಮುಟ್ಟಿದ ಕೈ

ಹೋದ ತಿಂಗಳು ನನ್ನ ತಮ್ಮನಿಗೆ ಹರ್ನಿಯಾ ಆಪರೇಶನ್ ಆಯಿತು. ಬೆಳಿಗ್ಗೆ ಹತ್ತಕ್ಕೆ ಒಳಗೆ ಕರೆದುಕೊಂಡು ಹೋದರು. ಹೊಟ್ಟೆಗೆ ಮೂರು ಸಣ್ಣ ತೂತು ಹಾಕಿ, ಟಿವಿ ಪರದೆ ನೋಡಿಕೊಂಡೇ ಒಳಗೊಂದು ಜಾಳಿಗೆ ಹಚ್ಚಿ, ಊಟದ ಹೊತ್ತಿಗೆ ಹೊರಗೆ ತಂದರು. ಸಂಜೆ ಅವನು ಮೊಬೈಲ್ ನೋಡುತ್ತ ಗಂಜಿ ಕುಡಿಯುತ್ತಿದ್ದ. ಅವನ ಹೆಂಡತಿ ಫೋನು ಮಾಡಿದವರಿಗೆಲ್ಲ, "ಏನಿಲ್ರಿ, ಸಣ್ಣ ಆಪರೇಶನ್ನು, ಎರಡು ದಿನದಾಗ ಎದ್ದು ಅಡ್ಡಾಡತಾರ" ಎಂದು ನಗುನಗುತ್ತ ಹೇಳುತ್ತಿದ್ದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನಾನು ಆ ಮಾತು ಕಿವಿಗೆ ಬಿದ್ದದ್ದೇ ಎದ್ದು ಹೊರಗೆ ಬಂದೆ. ಮೂವತ್ತಾರು ವರ್ಷ ನರ್ಸ್ ಕೆಲಸ ಮಾಡಿದವಳು ನಾನು. ರಕ್ತ ಕಂಡರೆ ಹೆದರುವವಳಲ್ಲ, ಹೆಣ ಕಂಡರೂ ಹೆದರುವವಳಲ್ಲ. ಆದರೆ "ಸಣ್ಣ ಆಪರೇಶನ್ನು" ಎಂಬ ಮಾತನ್ನು ಬೈಲಹೊಂಗಲದ ಒಂದು ಮಳೆಗಾಲದ ನಂತರ ಯಾವ ರೋಗಿಗೂ ನಾನು ಹೇಳಿಲ್ಲ.

ಅದು ಎಮರ್ಜನ್ಸಿಯ ಎರಡನೇ ಮಳೆಗಾಲ. ನನಗಾಗ ಇಪ್ಪತ್ತಾರು. ಬೈಲಹೊಂಗಲದ ಹತ್ತಿ ಪೇಟೆಯ ಹಿಂದೆ ಒಂದು ಹಳೆಯ ವಾಡೆಯಲ್ಲಿ ಹುದ್ದಾರ ಡಾಕ್ಟರು ಎಂಟು ಕಾಟಿನ ದವಾಖಾನೆ ಇಟ್ಟಿದ್ದರು. ನಾನು ಅಲ್ಲಿ ನರ್ಸು. ಇನ್ನೊಬ್ಬ ಕಂಪೌಂಡರ್ ಇಮಾಮಸಾಬ, ಔಷಧ ಕಟ್ಟುವುದರಿಂದ ಹಿಡಿದು ಬತ್ತಿ ಹಿಡಿಯುವವರೆಗೆ ಎಲ್ಲ ಅವನೇ. ಡಾಕ್ಟರು ಮೀರಜದಲ್ಲಿ ಕಲಿತವರು. ಕೈ ಬಂಗಾರ, ನಾಲಿಗೆ ಖಾರದ ಪುಡಿ. ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುವರು, ಬಹಳ ಸಿಟ್ಟು ಬಂದರೆ ಮಾತೇ ಆಡುತ್ತಿರಲಿಲ್ಲ.

ನಮ್ಮಲ್ಲಿಗೆ ಬರುವವರಲ್ಲಿ ಅರ್ಧ ಜನ ಹೊಟ್ಟೆ ಹಿಡಿದುಕೊಂಡೇ ಬರುತ್ತಿದ್ದರು. ಆ ಸೀಮೆಯಲ್ಲಿ ಹೊಟ್ಟೆ ನೋವಿಗೆ ಒಂದೇ ಹೆಸರು, ಬಟ್ಟಿ ಸರಿದಿದೆ. ಹೊಕ್ಕಳಿನ ಕೆಳಗೆ ಮಿಡಿಯುವ ಬಟ್ಟಿ ಜಾಗ ಬಿಟ್ಟು ಹೋಗಿದೆ, ತಿಕ್ಕಿ ಕೂಡಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ. ಮೊದಲು ಬಟ್ಟಿ ತಿಕ್ಕುವವಳು, ಆಮೇಲೆ ಔಡಲೆಣ್ಣೆ, ಅದಕ್ಕೂ ಬಗ್ಗದಿದ್ದರೆ ಕಾಸಿದ ಕಬ್ಬಿಣದ ಬರೆ, ಎಲ್ಲ ಮುಗಿದು ಮನುಷ್ಯ ನೀಲಿಗಟ್ಟಿದ ಮೇಲೆ ಹುದ್ದಾರ ಡಾಕ್ಟರು. ಅಪೆಂಡಿಕ್ಸ್ ಒಡೆದವರಾಗಲಿ, ಜಠರದ ಹುಣ್ಣು ತೂತಾದವರಾಗಲಿ, ಮೇಜಿನ ಮೇಲೆ ಮಲಗಿಸಿದಾಗ ಹೊಟ್ಟೆಯ ಮೇಲಿನ ಎಣ್ಣೆಯ ಜಿಡ್ಡನ್ನು ಸ್ಪಿರಿಟ್ ಹಚ್ಚಿ ತೆಗೆಯುವುದೇ ನನ್ನ ಮೊದಲ ಕೆಲಸವಾಗಿತ್ತು. "ದೇವರು ಹೊಟ್ಟಿಗೆ ಒಂದು ಬಾಗಲಾ ಇಟ್ಟಿದ್ರ ಇವರು ಅದಕ್ಕೂ ಎಣ್ಣಿ ಹಚ್ಚತಿದ್ರು" ಎಂದು ಡಾಕ್ಟರು ಗೊಣಗುತ್ತಿದ್ದರು. ಆದರೂ ಜನ ಬರುತ್ತಿದ್ದರು.

ಆ ವರ್ಷ ಅದೂ ನಿಂತಿತು. ಸರಕಾರಿ ಜೀಪುಗಳು ಊರೂರು ತಿರುಗುತ್ತಿದ್ದವು, ಮೇಲೆ ಧ್ವನಿವರ್ಧಕ ಕಟ್ಟಿಕೊಂಡು. "ಹೆದರಬ್ಯಾಡ್ರಿ, ಸಣ್ಣ ಆಪರೇಶನ್ನು, ಎರಡು ದಿನದಾಗ ಎದ್ದು ಕೆಲಸಕ್ಕ ಹೋಗಬಹುದು." ಅದು ಸರಕಾರ ಒತ್ತಾಯದಿಂದ ಮಾಡಿಸುತ್ತಿದ್ದ ಗಂಡಸರ ಸಂತಾನಹರಣದ ಆಪರೇಶನ್. ಜೀಪಿನ ಸದ್ದು ಕೇಳಿದರೆ ಸಾಕು, ಊರ ಗಂಡಸರೆಲ್ಲ ಹೈಬ್ರಿಡ್ ಜೋಳದ ಹೊಲ ಸೇರುತ್ತಿದ್ದರು. ನನ್ನ ಅಪ್ಪ ರಾಮದುರ್ಗದಲ್ಲಿ ಸಾಲಿ ಮಾಸ್ತರ. ಮಾಸ್ತರರೂ ಇಂತಿಷ್ಟು ಜನರನ್ನು ಕರೆತರಬೇಕು ಎಂದು ಹೇಳಿದ್ದರಂತೆ. ಊರಿನ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮನುಷ್ಯ ಓಣಿಗೆ ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. "ಛತ್ರಿ ಹಿಡಕೊಂಡು ಹೊಂಟ್ರೂ ನನ್ನ ಕೈಯಾಗ ಇವರಿಗೆ ಕತ್ತರಿನ ಕಾಣತೈತಿ, ಸುಶೀ" ಎಂದು ಅಪ್ಪ ನಕ್ಕಿದ್ದರು. ಕಣ್ಣಿನಲ್ಲಿ ನಗು ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ಹೇಳುತ್ತೇನೆ.

ಶ್ರಾವಣದ ಮೊದಲ ವಾರ ಸಂಪಗಾಂವದಿಂದ ಫಕೀರಪ್ಪ ಎಂಬವನು ಬಂದ. ಇಪ್ಪತ್ನಾಲ್ಕು ವರ್ಷದ ರೈತ, ಗುಂಡುಕಲ್ಲು ಎತ್ತುವುದರಲ್ಲಿ ಸುತ್ತಲ ಹತ್ತು ಹಳ್ಳಿಗೆ ಹೆಸರಾದವನು. ಜತೆಗೆ ತಾಯಿ ಬಾಳವ್ವ, ಮದುವೆಯಾಗಿ ಎಂಟು ತಿಂಗಳಾಗಿದ್ದ ಹೆಂಡತಿ ಶಾಂತವ್ವ. ಬಲ ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ನಿಂತರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಡಾಕ್ಟರು ಒತ್ತಿ ನೋಡಿ, "ಕರಳ ಇಳ್ಯಾಕತ್ತೈತೋ ಪೈಲ್ವಾನ. ಕಲ್ಲು ಎತ್ತೂದು ಬಿಡು. ಬರೂ ವಾರ ಬಾ, ಹೊಲದು ಕೊಡತೇನಿ" ಎಂದರು. ಎಷ್ಟು ಚೆಂದದ ಮಾತು! ಚೀಲ ಹರಿದಿದೆ, ಹೊಲಿಯುತ್ತೇನೆ ಎಂದಷ್ಟೇ. ಅವನು ತಲೆಯಾಡಿಸಿದ.

ಆಮೇಲೆ ನನ್ನ ರಜಿಸ್ಟರ್. ಹೆಸರು, ತಂದೆಯ ಹೆಸರು, ಊರು, ವಯಸ್ಸು, ಮದುವೆ, ಮಕ್ಕಳು. ನಾನು ತಲೆ ಎತ್ತದೆ ಕೇಳಿದೆ.

"ಮಕ್ಕಳೆಷ್ಟು?"

"ಇನ್ನಾ ಇಲ್ರಿ."

ಬರೆದುಕೊಂಡೆ. ಅವನ ದನಿ ಸಣ್ಣಗಾಗಿದ್ದು ತಿಳಿದು, ಧೈರ್ಯ ಹೇಳೋಣವೆಂದು ಬಾಯಿಬಿಟ್ಟೆ. "ಹೆದರಬ್ಯಾಡ್ರಿ, ಸಣ್ಣ ಆಪರೇಶನ್ನು. ಎರಡು ದಿನದಾಗ ಎದ್ದು ಕೆಲಸಕ್ಕ ಹೋಗತೀರಿ."

ದಿನಾ ಕಿಟಕಿಯ ಹೊರಗೆ ಕೂಗಿ ಕೂಗಿ ಆ ಜೀಪು ನನ್ನ ನಾಲಿಗೆಗೂ ಅದನ್ನೇ ಕಲಿಸಿಬಿಟ್ಟಿತ್ತು. ನನಗೆ ಗೊತ್ತೇ ಆಗಲಿಲ್ಲ.

"ಎಲ್ಲಿ ಕೊಯ್ತಾರ್ರಿ?" ಎಂದು ಅವನು ಕೇಳಿದ. ನಾನು ನನ್ನ ತೊಡೆಯ ಸಂದಿ ತೋರಿಸಿದೆ. ಅವನು ತಾಯಿಯ ಮುಖ ನೋಡಿದ. "ಎತ್ತು ಬಿಸಲಾಗ ಕಟ್ಟಿ ಬಂದೇನ್ರಿ, ನೀರ ಕುಡಿಸಿ ಬರತೇನಿ" ಎಂದು ಎದ್ದು ಹೊರಗೆ ಹೋದ. ಬಿಸಿಲೇ ಇರಲಿಲ್ಲ, ಜಿಟಿಜಿಟಿ ಮಳೆ. ಬಾಳವ್ವ ಮಾತ್ರ ಹೊರಡುವ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ನೀವು ಯಾರ ಪೈಕಿ?" ಎಂದಳು. ಅದು ಯಾವ ಪ್ರಶ್ನೆ ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತು. "ನಾವು ದವಾಖಾನಿ ಪೈಕಿರಿ" ಎಂದೆ. ಅವಳು ಸೊಸೆಯನ್ನು ಕರೆದುಕೊಂಡು ಹೊರಗೆ ಹೋದಳು. ಅರ್ಧ ಗಂಟೆಯಾದ ಮೇಲೆ ಇಮಾಮಸಾಬ ಬಂದು, ಪೈಲ್ವಾನ ಚಪ್ಪಲಿ ಸಹ ಬಿಟ್ಟು ಓಡಿಹೋಗಿದ್ದಾನೆ ಎಂದ. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನೇರ ಕಿತ್ತೂರಿಗೆ ಹೋಗಿ ಅಕ್ಕನ ಮನೆಯಲ್ಲಿ ಅಡಗಿದನೆಂದು ಆಮೇಲೆ ತಿಳಿಯಿತು.

ಭಾದ್ರಪದದಲ್ಲಿ ಅವನು ಮತ್ತೆ ಬಂದ, ಚಕ್ಕಡಿಯಲ್ಲಿ ಮಲಗಿಕೊಂಡು.

ಹಿಂದಿನ ದಿನದ ಮಳೆಗೆ ಕರೆಂಟು ಹೋದದ್ದು ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಎರಡು ಗಂಟೆ, ಆಕಾಶ ಬೂದಿ ಬಣ್ಣ. ಚಕ್ಕಡಿಯ ಗಾಲಿಗೆ ಎರಿ ಮಣ್ಣು ಮೆತ್ತಿ ಗಾಲಿ ಯಾವುದು ನೆಲ ಯಾವುದು ತಿಳಿಯುತ್ತಿರಲಿಲ್ಲ. ಬರುವಾಗ ಎರಡು ಕಡೆ ಹುಗಿದುಕೊಂಡಿತ್ತಂತೆ. ಹೆಸರಿನ ಬೆಳೆ ಕೀಳುವ ಕೆಲಸಕ್ಕೆಂದು ಫಕೀರಪ್ಪ ಊರಿಗೆ ಮರಳಿದ್ದ. ಹಿಂದಿನ ದಿನ ಇಳಿಹೊತ್ತಿನಲ್ಲಿ ಹೆಸರಿನ ಚೀಲವೊಂದನ್ನು ಎತ್ತಿ ಹೆಗಲಿಗೆ ಹಾಕಿದ್ದಾನೆ, ಗಂಟು ಹೊರಬಿದ್ದಿದೆ, ಮತ್ತೆ ಒಳಗೆ ಹೋಗಿಲ್ಲ. ಅಲ್ಲಿಂದ ಶುರು. ಬಟ್ಟಿ ತಿಕ್ಕುವವಳು ಬಂದು ಗಂಟನ್ನೂ ಸೇರಿಸಿ ತಿಕ್ಕಿದಳು. ಬೆಳಿಗ್ಗೆ ಔಡಲೆಣ್ಣೆ ಕುಡಿಸಿದರು. ಕುಡಿದದ್ದೆಲ್ಲ ವಾಂತಿಯಾಯಿತು, ಕೊನೆಕೊನೆಗೆ ಹಸಿರು ನೀರು.

ನಾನು ನಾಡಿ ಹಿಡಿದೆ. ಓಡುತ್ತಿತ್ತು. ನಾಲಿಗೆ ಒಣಗಿ ತೊಗಟೆಯಾಗಿತ್ತು, ಹೊಟ್ಟೆ ಉಬ್ಬಿತ್ತು, ನಿಂಬೆಹಣ್ಣಿದ್ದ ಜಾಗದಲ್ಲಿ ಈಗ ಕೆಂಪು ತಿರುಗಿದ ಮಾವಿನಕಾಯಿ. ಡಾಕ್ಟರು ಬೆರಳು ಹಚ್ಚಿದ್ದಕ್ಕೇ ಆ ಪೈಲ್ವಾನ ಚೀರಿದ. ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು ದನಿ ತಗ್ಗಿಸಿದರು.

"ಕರಳು ಸಿಕ್ಕೊಂಡು ರಕ್ತ ನಿಂತೈತಿ. ಐದರ ಮ್ಯಾಲೆ ಬೆಳಕು ಇರಂಗಿಲ್ಲ. ಮೂರೂವರಿಗೆ ಚಾಕು ಹಚ್ಚಲಿಲ್ಲಂದ್ರ ಇಂವಾ ನಮಗ ಸಿಗಂಗಿಲ್ಲ." ಸ್ವಲ್ಪ ತಡೆದು, "ಮತ್ತೊಂದು ಮಾತು. ಆ ಬದಿಯ ಬೀಜದ ನಾಳಾನೂ ಒತ್ತಿ ಹಿಡದಿರಬೇಕು. ಅದು ಕಪ್ಪಾಗಿದ್ರ ತಗೀಬೇಕಾಗತೈತಿ. ಒಂದು ಹೋದ್ರೂ ಮಕ್ಕಳಾಗತಾವ. ಆದ್ರ ಈ ವರ್ಷ ಅದನ್ನ ಯಾರಿಗೆ ಹೇಳಿ ನಂಬಸ್ತಿ?" ಎಂದರು.

ಮೂಗಿನಿಂದ ನಳಿಕೆ ಇಳಿಸಿ ಹೊಟ್ಟೆ ಖಾಲಿ ಮಾಡಿದೆ, ಸಲೈನು ಹಚ್ಚಿದೆ. ಒಪ್ಪಿಗೆ ಕಾಗದ ಮತ್ತು ಮಸಿಯ ಪ್ಯಾಡು ತಂದು ಅವನ ಮುಂದೆ ಹಿಡಿದೆ. ಅವನು ಎರಡೂ ಕೈಯಿಂದ ಕಾಟಿನ ಕಬ್ಬಿಣ ಹಿಡಿದುಕೊಂಡ.

"ಇಂಜೆಕ್ಷನ್ ಕೊಡ್ರಿ. ಔಷಧ ಕೊಡ್ರಿ. ಆಪರೇಶನ್ ಒಲ್ಲೆ."

"ಫಕೀರಪ್ಪ, ಅದು ಆ ಆಪರೇಶನ್ ಅಲ್ಲೋ."

"ನೀವ ಬರಕೊಂಡಿದ್ರಿ. ಮಕ್ಕಳೆಷ್ಟು ಅಂತ ಕೇಳಿ ನೀವ ಬರಕೊಂಡಿದ್ರಿ. ಜೀಪಿನವರ ಮಾತ ನಿಮ್ಮ ಬಾಯಾಗಿತ್ತು." ಹಲ್ಲು ಕಚ್ಚಿ ನೋವು ನುಂಗಿಕೊಂಡು ಹೇಳಿದ, "ಸತ್ರ ಗಂಡಸಾಗಿ ಸಾಯತೇನಿ."

ಆಗ ನನಗೆ ಎಲ್ಲ ತಿಳಿಯಿತು. ತಿಂಗಳ ಹಿಂದೆ ಅವನು ಬಿಟ್ಟುಹೋದ ಚಪ್ಪಲಿ ನೋಡಿ ನಕ್ಕಿದ್ದೆನಲ್ಲ, ಆ ನಗುವಿಗೆ ಈಗ ನಾಚಿಕೆಯಾಗಿ ಸಾಯುವಂತಾಯಿತು. ಡಾಕ್ಟರು ಹೇಳಿದ ವಾರ ಹೊಲಿಸಿಕೊಂಡಿದ್ದರೆ ನಿಜಕ್ಕೂ ಸಣ್ಣ ಕೆಲಸ. ಓಡಿಹೋಗಿ ರಜಿಸ್ಟರ್ ತಂದೆ. ಎಲ್ಲರ ಹೆಸರಿನ ಮುಂದೆಯೂ ಮಕ್ಕಳ ಲೆಕ್ಕ ಇದೆ ನೋಡು, ಎಂಬತ್ತು ವರ್ಷದ ಮುದುಕಿಯ ಮುಂದೆಯೂ ಇದೆ ಎಂದು ತೋರಿಸಿದೆ. ಅವನಿಗೆ ಓದಲು ಬರುತ್ತಿರಲಿಲ್ಲ. ಅವನ ಹೆಸರಿದ್ದ ಹಾಳೆಯನ್ನೇ ಹರಿದು ಅವನ ಕೈಗೆ ಕೊಟ್ಟೆ. ಅವನು ಅದನ್ನು ಮುಷ್ಟಿಯಲ್ಲಿ ಹಿಂಡಿ ಮತ್ತೊಮ್ಮೆ ವಾಂತಿ ಮಾಡಿದ. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಕಮ್ಮಿ.

ಶಾಂತವ್ವ ಬಾಗಿಲ ಸಂದಿಯಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದಳು. ಬಾಳವ್ವ ಅಳುತ್ತಿರಲಿಲ್ಲ. ಮಗನ ಹಣೆ ಒರೆಸಿ ಎದ್ದು, ಟೊಂಕಕ್ಕೆ ಸಿಕ್ಕಿಸಿದ್ದ ಸಂಚಿ ಬಿಚ್ಚಿ, ಅದರೊಳಗಿನಿಂದ ಭಂಡಾರದ ಪುಡಿಕೆ ತೆಗೆದಳು. ಸವದತ್ತಿ ಗುಡ್ಡದ ಎಲ್ಲಮ್ಮನ ಭಂಡಾರ. ಆ ಅರಿಶಿಣದ ಪುಡಿ ಮುಟ್ಟಿ ಆಣೆ ಮಾಡಿದರೆ ಮುಗಿಯಿತು. ಹೊಲದ ಬದುವಿನ ಜಗಳ, ಗಂಡಹೆಂಡಿರ ಜಗಳ, ಎಲ್ಲ ಅಲ್ಲಿಗೆ ತೀರುತ್ತಿದ್ದವು. ಸುಳ್ಳು ಆಣೆ ಮಾಡಿದವರ ಮನೆತನ ಉಳಿಯುವುದಿಲ್ಲ ಎಂದು ಆ ಸೀಮೆಯ ಕೂಸಿಗೂ ಗೊತ್ತು.

ಅವಳು ಮೊದಲು ಡಾಕ್ಟರ ಮುಂದೆ ಅಂಗೈ ಚಾಚಿದಳು. "ಸಾಹೇಬರ, ಇದನ್ನ ಮುಟ್ಟಿ ಹೇಳ್ರಿ. ನನ್ನ ಮಗನ ಗಂಡಸ್ತನಕ್ಕ ಕೈ ಹಚ್ಚಂಗಿಲ್ಲ, ಏನೂ ತಗ್ಯಂಗಿಲ್ಲ ಅಂತ ಹೇಳ್ರಿ. ಅಂವಾ ಹೆಬ್ಬೆಟ್ಟು ಒತ್ತತಾನ."

"ನಾ ಪೂಜಾರಿ ಅಲ್ಲವ್ವಾ, ಡಾಕ್ಟರ" ಎಂದರು ಅವರು. "ಒಳಗ ಏನೈತಿ ಅಂತ ತಗದ ಮ್ಯಾಲೆ ಗೊತ್ತಾಗೂದು. ಸುಳ್ಳ ಆಣಿ ನನ್ನ ಕೈಲೆ ಆಗಂಗಿಲ್ಲ." ಹೇಳಿ, ಕೈ ತೊಳೆಯಲು ಒಳಗೆ ಹೋಗಿಬಿಟ್ಟರು.

ಅಂಗೈ ನನ್ನ ಕಡೆ ತಿರುಗಿತು.

ನಮ್ಮ ಮನೆಯಲ್ಲಿ ಭಂಡಾರ ಮುಟ್ಟುವುದಿಲ್ಲ. ಅಪ್ಪನ ಅಕ್ಕನಿಗೆ ಒಂಬತ್ತು ವರ್ಷವಿದ್ದಾಗ ಆ ಗುಡ್ಡದಲ್ಲಿ ಮುತ್ತು ಕಟ್ಟಿಸಿ ದೇವರಿಗೆ ಬಿಟ್ಟಿದ್ದರು. ದೇವರಿಗೆ ಎಂದು ಹೆಸರು, ಮುಂದೆ ಅವಳ ಬದುಕು ಏನಾಯಿತು ಎಂಬುದನ್ನು ಅಪ್ಪ ಒಂದೇ ಸಲ ನನಗೆ ಹೇಳಿದರು, ಎರಡನೇ ಸಲ ಹೇಳಲಾಗಲಿಲ್ಲ. ಬುದ್ಧನ ದೀಕ್ಷೆ ತೆಗೆದುಕೊಂಡ ದಿನ ಅಪ್ಪ ಮನೆಯ ಜಗುಲಿ ಖಾಲಿ ಮಾಡಿ, ಭಂಡಾರದ ಬಟ್ಟಲನ್ನು ಹಿತ್ತಲಲ್ಲಿ ಹುಗಿದು, ಇನ್ನು ಈ ಮನೆಯವರು ಆ ದೇವರ ಮುಂದೆ ಕೈ ಮುಗಿಯಬಾರದು, ಆಣೆ ಇಡಬಾರದು ಎಂದು ನಮ್ಮನ್ನೆಲ್ಲ ಕೂಡಿಸಿಕೊಂಡು ಹೇಳಿದ್ದರು. ನಾನಾಗ ಸಣ್ಣವಳು. ಅಪ್ಪನ ಜತೆ ನಾನೂ ಹೂಂ ಅಂದಿದ್ದೆ.

ಎಲ್ಲಮ್ಮನ ಹೆದರಿಕೆ ನನಗಿರಲಿಲ್ಲ. ಅಪ್ಪನ ಮಾತು ಮುರಿಯುವ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡದು, ಅರ್ಧ ಗಂಟೆಯ ಹಿಂದೆ ಪಡಸಾಲೆಯಲ್ಲಿ ಕೇಳಿದ ಮಾತು. ಏನೂ ತೆಗೆಯುವುದಿಲ್ಲ ಎಂದು ನಾನು ಹೇಳಿದರೆ ಅದು ಸುಳ್ಳಾಗುವ ಸಂಭವವೇ ಹೆಚ್ಚು. ಹೇಳದಿದ್ದರೆ ಇವನು ಕತ್ತಲಾಗುವುದರೊಳಗೆ ಸಾಯುತ್ತಾನೆ, ಅದೂ ನನ್ನ ನಾಲಿಗೆ ಮಾಡಿದ ತಪ್ಪಿಗೆ. ಹೊರಗೆ ಮೋಡ ಇನ್ನೂ ದಟ್ಟವಾಯಿತು. ಒಳಗೆ ಡಾಕ್ಟರು ನೀರು ಸುರಿದುಕೊಳ್ಳುವ ಸದ್ದು ನಿಂತಿತು.

ನಾನು ಬಾಳವ್ವನ ಅಂಗೈಯ ಮೇಲೆ ಕೈ ಇಟ್ಟೆ. ಅವಳು ಇನ್ನೊಂದು ಕೈಯನ್ನು ನನ್ನ ಕೈಯ ಮೇಲೆ ಮುಚ್ಚಿದಳು.

"ಎಲ್ಲವ್ವನ ಆಣಿ. ನಿಮ್ಮ ಮಗನ ಗಂಡಸ್ತನಕ್ಕ ಕೈ ಹಚ್ಚಂಗಿಲ್ಲ. ಏನೂ ತಗ್ಯಂಗಿಲ್ಲ. ಕರಳ ಒಳಗ ಹಾಕಿ ಹೊಲಿತೀವಿ."

ಬಾಳವ್ವ ಮಗನ ಕಡೆ ತಿರುಗಿ, "ಕೇಳಿದೇನ? ಒತ್ತು" ಎಂದಳು. ಫಕೀರಪ್ಪ ಹೆಬ್ಬೆಟ್ಟು ಒತ್ತಿದ.

ಆಪರೇಶನ್ ಕೋಣೆಗೆ ಪಶ್ಚಿಮಕ್ಕೊಂದು ದೊಡ್ಡ ಕಿಟಕಿ. ಮೇಜನ್ನು ಅದರ ಹತ್ತಿರ ಎಳೆದೆವು. ಇಮಾಮಸಾಬ ನಾಲ್ಕು ಸೆಲ್ಲಿನ ಬ್ಯಾಟರಿ ಹಿಡಿದು ನಿಂತ. ಅಷ್ಟು ವಾಂತಿ ಮಾಡಿಕೊಂಡವನಿಗೆ ಈಥರ್ ಕೊಟ್ಟು ನಿದ್ದೆ ಬರಿಸುವುದು ಅಪಾಯವೆಂದು ಡಾಕ್ಟರು ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗಿನ ಅರಿವು ಮಾತ್ರ ಹಾರಿಸಿದರು. ಅಂದರೆ ಅವನಿಗೆ ಪೂರ್ತಿ ಎಚ್ಚರ. ಎದೆಯ ಮೇಲೆ ಅಡ್ಡ ಕಟ್ಟಿದ ಹಸಿರು ಬಟ್ಟೆಯ ಆಚೆ ಅವನ ಮುಖ, ಈಚೆ ಅವನ ಹೊಟ್ಟೆ. ನಮ್ಮ ಒಂದೊಂದು ಮಾತೂ ಅವನಿಗೆ ಕೇಳುತ್ತಿತ್ತು.

ಚೀಲ ಬಿಡಿಸಿದಾಗ ಕೆಟ್ಟ ವಾಸನೆಯ ಕಪ್ಪು ನೀರು ಬಂತು. ಒಳಗೆ ಸಿಕ್ಕಿಕೊಂಡ ಕರುಳು ಹಣ್ಣಾದ ನೇರಳೆಯ ಬಣ್ಣ. ಹಿಡಿದಿದ್ದ ಉರುಲನ್ನು ಡಾಕ್ಟರು ಕತ್ತರಿಸಿದರು. ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆಯನ್ನು ನಾನು ಕರುಳಿಗೆ ಸುತ್ತಿದೆ. ಇನ್ನು ಕಾಯುವುದು. ಜೀವ ಇದ್ದ ಕರುಳಾದರೆ ಕಾವಿಗೆ ಕೆಂಪಾಗುತ್ತದೆ, ಹೊಳಪು ಬರುತ್ತದೆ, ಮುಟ್ಟಿದರೆ ಅಲುಗುತ್ತದೆ. ಸತ್ತದ್ದಾದರೆ ಹಾಗೇ ಇರುತ್ತದೆ. ಬಟ್ಟೆ ಆರಿದಾಗೊಮ್ಮೆ ಬದಲಿಸಿದೆ.

"ಅಕ್ಕಾರ, ಏನ ಮಾಡಾಕತ್ತಾರ?" ಬಟ್ಟೆಯ ಆಚೆಯಿಂದ ದನಿ.

"ಕರಳ ತೊಳ್ಯಾಕತ್ತೀವಿ. ಸುಮ್ಮನ ಮಲಕೋ."

ಹತ್ತು ನಿಮಿಷಕ್ಕೆ ಎರಡೂ ಅಂಚಿನಿಂದ ಕೆಂಪು ಮೆಲ್ಲಗೆ ಏರಿತು. ಡಾಕ್ಟರು ಬೆರಳಿನಿಂದ ತಟ್ಟಿದರು, ಹುಳ ಹರಿದಂತೆ ಒಂದು ಅಲೆ ಸರಿಯಿತು. ನಾನು ಮುಸುಕಿನೊಳಗೇ ಉಸಿರು ಬಿಟ್ಟೆ. ಆದರೆ ನಡುವಿನ ಒಂದು ಗೇಣು ಕಪ್ಪಾಗಿಯೇ ಉಳಿಯಿತು. ಅದನ್ನು ಕತ್ತರಿಸಿ ತೆಗೆದು ಎರಡು ತುದಿ ಕೂಡಿಸಿ ಹೊಲಿದರು. ಏನೂ ತೆಗೆಯುವುದಿಲ್ಲ ಎಂದ ಆಣೆ ಅಲ್ಲಿಗೇ ಅರ್ಧ ಮುರಿದಿತ್ತು. ಕರುಳು ಹೋಯಿತಲ್ಲ, ಇನ್ನೊಂದಾದರೂ ಉಳಿಯಲಿ ಎಂದು ನಾನು ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ. ಬುದ್ಧನನ್ನು ಬೇಡುವಂತಿಲ್ಲ, ಎಲ್ಲಮ್ಮನನ್ನು ಬೇಡುವ ಮುಖ ನನಗಿರಲಿಲ್ಲ.

ಡಾಕ್ಟರು ಆ ಬದಿಯ ಬೀಜವನ್ನು ಮೇಲೆ ತಂದರು. ಅದೂ ನೇರಳೆ. ನಾನು ಕೇಳದೆಯೇ ಬಿಸಿ ಬಟ್ಟೆ ಸುತ್ತಿದೆ. ಅವರು ಇಂಗ್ಲೀಷಿನಲ್ಲಿ ಹೇಳಿದರು, ಇದು ಉಳಿಯುವ ಲಕ್ಷಣ ಕಾಣುವುದಿಲ್ಲ.

"ಡಾಕ್ಟರು ಏನಂದ್ರು?" ಎಂದ ಫಕೀರಪ್ಪ.

"ಬೆಳಕು ಸಾಲವಲ್ದು ಅಂದ್ರು."

ಅದು ಸುಳ್ಳಾಗಿರಲಿಲ್ಲ. ಕಿಟಕಿಯ ಚೌಕದಲ್ಲಿ ಬೂದಿ ಬಣ್ಣ ಕರಗುತ್ತ ಬಂದಿತ್ತು. ಇಮಾಮಸಾಬನ ಬ್ಯಾಟರಿ ಹಳದಿಗೆ ತಿರುಗಿತ್ತು. ಬೆನ್ನಿಗೆ ಕೊಟ್ಟ ಮದ್ದು ಇನ್ನು ಅರ್ಧ ಗಂಟೆ ನಿಂತರೆ ಹೆಚ್ಚು. ಆಣೆ ಮಾಡಿದ್ದೇನೆ ಸರ್ ಎಂದು ನಾನೂ ಇಂಗ್ಲೀಷಿನಲ್ಲಿ, ನನ್ನ ಹರಕು ಇಂಗ್ಲೀಷಿನಲ್ಲಿ ಹೇಳಿದೆ. ಅವರು ನನ್ನ ಕಣ್ಣು ನೋಡಿದರು. ಮರಾಠಿಯಲ್ಲಿ ಬೈಯಲಿಲ್ಲ. ಇನ್ನೂ ಐದು ನಿಮಿಷ ಕಾಯ್ದರು. ಅಂಥ ಹೊತ್ತಿನಲ್ಲಿ ಐದು ನಿಮಿಷ ಕೊಡುವುದೆಂದರೆ ಏನು ಎಂಬುದು ಆ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಬಟ್ಟೆ ತೆಗೆದೆ. ಬಣ್ಣ ಬಂದಿರಲಿಲ್ಲ. ಸಣ್ಣದೊಂದು ಗೀರು ಹಾಕಿ ನೋಡಿದರು, ಕೆಂಪು ರಕ್ತ ಬರಲಿಲ್ಲ.

"ಅಕ್ಕಾರ" ಎಂದ ಫಕೀರಪ್ಪ. "ನಿಮ್ಮ ಆಣಿ ನೆನಪೈತೆಲ್ಲ?"

ಡಾಕ್ಟರ ಕೈ ನಿಂತಿತು. ಅವನನ್ನು ಆಗಲೇ 'ಹಿಂಗಾಗೈತಿ, ತಗೀಬೇಕು' ಎಂದು ಕೇಳಬೇಕಿತ್ತು. ಕೇಳಿದರೆ ಅವನು ಒಲ್ಲೆ ಎನ್ನುತ್ತಿದ್ದ. ಸತ್ತದ್ದನ್ನು ಒಳಗೆ ಬಿಟ್ಟರೆ ಅದು ಕೊಳೆತು ನಂಜಾಗುತ್ತಿತ್ತು. ಇವತ್ತಿಗೂ ನನಗೆ ಆ ಗಳಿಗೆಯ ಉತ್ತರ ಸಿಕ್ಕಿಲ್ಲ.

"ಐತಿ" ಎಂದೆ. ಡಾಕ್ಟರಿಗೆ ತಲೆಯಾಡಿಸಿದೆ. ಪಿಂಗಾಣಿ ಬೋಗುಣಿಯೊಳಗೆ ಬಿದ್ದರೆ ಸದ್ದಾಗುತ್ತದೆಂದು ಅದರ ತಳಕ್ಕೆ ಹತ್ತಿಯ ದಪ್ಪ ಪದರು ಹಾಸಿ ಹಿಡಿದೆ. ಸದ್ದಾಗಲಿಲ್ಲ.

ಹೊಲಿಗೆ ಮುಗಿದಾಗ ಇಮಾಮಸಾಬ ಎರಡನೇ ಬ್ಯಾಟರಿ ಹಚ್ಚಿದ್ದ. ಕೈಗವಸು ಕಳಚುತ್ತ ಡಾಕ್ಟರು, "ಹೊಲಿಗಿ ಬಿಚ್ಚೂ ದಿವಸ ನಾ ಹೇಳತೇನಿ" ಎಂದರು. "ಆಣಿ ಮಾಡಿದಾಕಿ ನಾನರಿ, ನಾನ ಹೇಳತೇನಿ" ಎಂದೆ. ಧೈರ್ಯದ ಮಾತಲ್ಲ ಅದು. ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡು ಅವರು ನನ್ನ ಕಡೆ ತಿರುಗಿ ನೋಡುವುದನ್ನು ನನ್ನಿಂದ ಸಹಿಸಲು ಆಗುತ್ತಿರಲಿಲ್ಲ.

ಮುಂದಿನ ನಾಲ್ಕು ದಿನ ಇಡೀ ದವಾಖಾನೆ ಒಬ್ಬ ಗಂಡಸಿನ ಹೂಸಿಗೆ ಕಾಯಿತು. ನಗಬೇಡಿ. ಕರುಳು ಕೂಡಿಸಿ ಹೊಲಿದ ಮೇಲೆ ಗಾಳಿ ಹೋದರೆ ಮಾತ್ರ ಹೊಲಿಗೆ ಹಿಡಿದಿದೆ, ಕರುಳು ನಡೆದಿದೆ ಎಂದು ಅರ್ಥ. ಅಲ್ಲಿಯವರೆಗೆ ಬಾಯಿಗೆ ಹನಿ ನೀರಿಲ್ಲ. ಡಾಕ್ಟರು ತಾಸಿಗೊಮ್ಮೆ ಬಂದು ಕೇಳುವರು, "ಹೋತೇನೋ?" ಇಲ್ಲ ಎಂದು ಅವನು ನಾಚಿಕೊಳ್ಳುವನು. ಪಕ್ಕದ ಕಾಟಿನ ಮುದುಕ, "ಎಲ್ಲಾರ ಮುಂದ ಕೇಳಿದ್ರ ಹೆಂಗ ಬರತೈತ್ರಿ ಅದು?" ಎಂದ. ನಾಲ್ಕನೇ ದಿನ ಬೆಳಿಗ್ಗೆ ಶಾಂತವ್ವ ಕೆಂಪು ಮುಖ ಮಾಡಿಕೊಂಡು ಔಷಧದ ಕೋಣೆಯ ಬಾಗಿಲಿಗೆ ಬಂದು, "ಅಕ್ಕಾರ, ಆತ್ರಿ" ಎಂದಷ್ಟೇ ಹೇಳಿ ಓಡಿದಳು. ಇಮಾಮಸಾಬ ಎರಡೂ ಕೈ ಮೇಲೆತ್ತಿದ. ಡಾಕ್ಟರು ನಮಗೆಲ್ಲ ಚಹಾ ತರಿಸಿದರು.

ಎಲ್ಲರೂ ಹಗುರಾದರು. ನನಗೆ ಮಾತ್ರ ಅಲ್ಲಿಂದ ದಿನಗಳು ಭಾರವಾದವು. ಅವನು ಬದುಕಿದ, ಇನ್ನು ಹೇಳಲೇಬೇಕು. ಬಾಳವ್ವ ದಿನಾ ಬೆಳಿಗ್ಗೆ ಮಗನ ಹಣೆಗೆ ಭಂಡಾರ ಹಚ್ಚುವಾಗ ನಾನು ಬೇರೆ ಕಾಟಿನ ಕಡೆ ಸರಿಯುತ್ತಿದ್ದೆ. ಮಾತು ಹೊರಬಿದ್ದರೆ ಸಂಪಗಾಂವದವರು ಏನೆನ್ನುತ್ತಾರೆ ಎಂದು ನನಗೆ ಗೊತ್ತಿತ್ತು. ಹುದ್ದಾರ ಡಾಕ್ಟರೂ ಅದೇ ಆಪರೇಶನ್ ಮಾಡುತ್ತಾರೆ ಎನ್ನುತ್ತಾರೆ. ಆಮೇಲೆ ಆ ಕಡೆಯಿಂದ ಅಪೆಂಡಿಕ್ಸ್ ಒಡೆದವನು ಕೂಡ ಬರುವುದಿಲ್ಲ, ಎಣ್ಣೆ ತಿಕ್ಕಿಸಿಕೊಂಡೇ ಸಾಯುತ್ತಾನೆ. ಹೇಳದೆ ಬಿಟ್ಟರೆ ಹೇಗೆ ಎಂದೂ ಒಂದು ಸಂಜೆ ಯೋಚಿಸಿದೆ. ಆದರೆ ಅವನು ಒಂದು ದಿನ ಸ್ನಾನ ಮಾಡುತ್ತಾನಲ್ಲ. ರಾಮದುರ್ಗದಿಂದ ಅಪ್ಪನ ಕಾಗದ ಬಂತು, ಉತ್ತರದಲ್ಲಿ ಮಳೆಯ ವಿಷಯ ಮಾತ್ರ ಬರೆದೆ. ಭಂಡಾರದ ವಿಷಯ ಅವರಿಗೆ ಕೊನೆಯವರೆಗೂ ಹೇಳಲಿಲ್ಲ.

ಎರಡು ವರ್ಷದ ಮೇಲೆ ಫಕೀರಪ್ಪನಿಗೆ ಮಗಳು ಹುಟ್ಟಿದಳೆಂದು ಪೇಟೆಯಲ್ಲಿ ಯಾರೋ ಹೇಳಿದರು. ಆದರೆ ಎಂಟನೇ ದಿನ, ಹೊಲಿಗೆ ಬಿಚ್ಚುವ ದಿನ, ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಆವತ್ತು ಬಿಸಿಲು ಬಿದ್ದಿತ್ತು. ಬಾಳವ್ವ ಹಿಂದಿನ ಅಂಗಳದಲ್ಲಿ ಮಗನ ಧೋತರ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಳು. ನಾನು ಹೋಗಿ ನಿಂತೆ.

"ಬಾಳವ್ವಾರ, ಒಂದು ತಗದೀವಿ. ಕಪ್ಪಾಗಿ ಸತ್ತ ಹೋಗಿತ್ತರಿ. ಇನ್ನೊಂದು ಚಲೋ ಐತಿ, ಮಕ್ಕಳಾಗೂದಕ್ಕ ಅಷ್ಟ ಸಾಕು ಅಂತ ಡಾಕ್ಟರು ಹೇಳ್ಯಾರ. ಆದ್ರ ನಾ ನಿಮಗ ಸುಳ್ಳ ಆಣಿ ಮಾಡಿದೆ. ಹಿಂಗಾಗಬಹುದು ಅಂತ ಗೊತ್ತಿದ್ದ ಮಾಡಿದೆ."

ಅವಳು ಧೋತರದ ಸುಕ್ಕು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ" ಎಂದಳು.

"ಯಾರ ಹೇಳಿದ್ರು?"

"ಯಾರ ಹೇಳಬೇಕು? ಆವತ್ತ ನಿನ್ನ ಕೈ ನನ್ನ ಎರಡು ಕೈಯಾಗ ಇತ್ತು. ಗುಬ್ಬಿಮರಿ ಹಂಗ ನಡಗತಿತ್ತು. ಖರೇ ಹೇಳವರ ಕೈ ಹಂಗ ನಡಗಂಗಿಲ್ಲ ಮಗಳ."

"ಮತ್ತ ಗೊತ್ತಿದ್ದೂ ಅವಗ ಒತ್ತು ಅಂತ ಯಾಕ ಹೇಳಿದ್ರಿ?"

"ಆಣಿ ನನಗೇನ ಬೇಕಾಗಿರಲಿಲ್ಲ. ಅವಗ ಬೇಕಾಗಿತ್ತು. ಅಂವಾ ಉಳೀಲಿ ಅಂತ ನೀ ಸುಳ್ಳ ಹೇಳಿದಿ, ನಾ ಅದನ್ನ ಖರೇ ಅಂದೆ." ಬಾಳವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಅವಗ ನಾನ ಹೇಳತೇನಿ, ನೀ ಬಾಯಿ ಬಿಡಬ್ಯಾಡ. ಪಾಪ ಅಂತ ಬಂದ್ರ ಅರ್ಧ ನಂದು, ಅರ್ಧ ನಿಂದು. ಹೂಂ ಅನ್ನು."

ನಾನು ಹೂಂ ಅಂದೆ. ಅವಳು ಖಾಲಿ ಬಕೆಟ್ಟು ಎತ್ತಿಕೊಂಡು, ಮಗನಿಗೆ ಹೇಳಲು ಒಳಗೆ ಹೋದಳು.